ಕಂದು ನಾಯಿಯ ಎದುರು

ಲಂಡನ್ನಿನ ಬ್ಯಾಟರ್ಸೀ ಪಾರ್ಕಿನಲ್ಲಿ ಪುಟ್ಟ ನಾಯಿಯೊಂದರ ಕಂಚಿನ ಪ್ರತಿಮೆ ಇದೆ. 1903ರಲ್ಲಿ ಯೂನಿವರ್ಸಿಟಿ ಕಾಲೇಜಿನ ವಿದ್ಯಾರ್ಥಿಗಳ ಎದುರು ಜೀವಂತ ಕೊಯ್ದು ತೋರಿಸಿದ ಕಂದು ನಾಯಿಯ ನೆನಪಿಗೆ 1906ರಲ್ಲಿ ಮೊದಲ ಪ್ರತಿಮೆ ನಿಲ್ಲಿಸಿದರು. ವೈದ್ಯಕೀಯ ವಿದ್ಯಾರ್ಥಿಗಳು ಅದರ ವಿರುದ್ಧ ಬೀದಿಗಿಳಿದು ಗಲಾಟೆ ಮಾಡಿದರು. 1910ರಲ್ಲಿ ರಾತ್ರೋರಾತ್ರಿ ಅದನ್ನು ಕಿತ್ತೊಯ್ದರು. ಈಗಿರುವುದು 1985ರದ್ದು. ಅದರ ಮುಂದೆ ನಿಂತಾಗಲೆಲ್ಲ ನನಗೆ ನೆನಪಾಗುವುದು ನನ್ನ ತಮ್ಮ.

ಏಳನೆಯ ವಯಸ್ಸಿಗೆ ಅವನಿಗೆ ಫಿಟ್ಸ್ ಶುರುವಾಯಿತು. ಸಾಗರದ ಮನೆಯಲ್ಲಿ ಅಜ್ಜಿ ಅವನ ಕೈಗೆ ಕಬ್ಬಿಣದ ಬೀಗದಕೈ ಹಿಡಿಸುತ್ತಿದ್ದಳು, ದಿನಾ ಬೆಳಿಗ್ಗೆ ಒಂದೆಲಗದ ರಸ ಕುಡಿಸುತ್ತಿದ್ದಳು. ನಾವು ಅದನ್ನೇ ಬ್ರಾಹ್ಮಿ ಅನ್ನುತ್ತಿದ್ದೆವು. ನೀರುಬ್ರಾಹ್ಮಿ ಬೇರೆಯೇ ಗಿಡವೆಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ! ಮಾತ್ರೆ ಶುರುವಾಗುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಅಜ್ಜಿಯ ಪ್ರೀತಿಗೆ ಕೊರತೆ ಇರಲಿಲ್ಲ. ರಸ ಕುಡಿದ ತಿಂಗಳು ಎಷ್ಟು ಸಲ ಬಂತು, ಬಿಟ್ಟ ತಿಂಗಳು ಎಷ್ಟು ಸಲ ಎಂದು ಎಣಿಸುವವರು ಮಾತ್ರ ಇರಲಿಲ್ಲ.

ಪ್ರಯೋಗಾಲಯದಲ್ಲಿ ಎಣಿಸುತ್ತಾರೆ. ಇಲಿಗೆ ಗಿಡದ ಸಾರ ಕೊಟ್ಟು, ಕಿವಿಗೆ ಕ್ಲಿಪ್ಪು ಸಿಕ್ಕಿಸಿ, ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ಹಾಯಿಸಿ, ಹಿಂಗಾಲು ಸೆಟೆಯುತ್ತದೆಯೇ ಎಂದು ನೋಡುತ್ತಾರೆ. ಇಲಿ ಒಪ್ಪಿಗೆ ಕೊಟ್ಟಿರುವುದಿಲ್ಲ. ನನ್ನ ತಮ್ಮನೂ ಕೊಟ್ಟಿರಲಿಲ್ಲ. ಇಲಿಯನ್ನು ಬಿಟ್ಟರೆ ಪರೀಕ್ಷೆ ನಿಲ್ಲುವುದಿಲ್ಲ, ಮಗುವಿನ ಮೇಲೆ ನಡೆಯುತ್ತದೆ, ಲೆಕ್ಕವಿಲ್ಲದೆ.

ಗಾಂಜಾದ ಕಥೆ ನೋಡಿ. 1840ರ ಆಸುಪಾಸಿನಲ್ಲೇ ಕಲ್ಕತ್ತೆಯ ವೈದ್ಯ ಓಶಾನೆಸ್ಸಿ ಅದು ಕೂಸಿನ ಸೆಳವಿಗೆ ಆದೀತೆಂದು ಬರೆದಿದ್ದ. ಅದರ ಕ್ಯಾನಬಿಡಿಯಾಲ್ ಅಂಶವನ್ನು ಇಲಿಗಳ ಮೇಲೆ ಪರೀಕ್ಷಿಸಿದವರಲ್ಲಿ ಲಂಡನ್ನಿಗೆ ಹತ್ತಿರದ ರೆಡಿಂಗ್ ವಿಶ್ವವಿದ್ಯಾಲಯದವರೂ ಇದ್ದರು. ಡ್ರಾವೆ ಸಿಂಡ್ರೋಮಿನ ಮಕ್ಕಳಿಗೆ ಇಂಗ್ಲೆಂಡಿನ ಸರ್ಕಾರಿ ವೈದ್ಯಸೇವೆ ಅದನ್ನು ಕೊಡಬಹುದೆಂಬ ಶಿಫಾರಸು ಬಂದದ್ದು 2019ರ ಕೊನೆಗೆ. ಆ ಇಲಿಗಳ ಸಾವಿಗೆ ನಾನು ತಲೆ ಬಾಗುತ್ತೇನೆ, ಸಮರ್ಥಿಸುತ್ತೇನೆ ಕೂಡ.

ನನಗೆ ಸಹಿಸಲಾಗದ್ದು ಬೇರೆ. ಊರಿನ ಯಾವುದೋ ಎಲೆ, ಅದೇ ಕರೆಂಟು, 'ಪರಿಣಾಮಕಾರಿ' ಎಂಬ ಒಂದು ಪ್ರಬಂಧ, ಒಂದು ಪದವಿ, ಅಲ್ಲಿಗೆ ಮುಗಿಯಿತು. ಆ ಎಲೆ ಯಾವ ರೋಗಿಯ ಹತ್ತಿರವೂ ಹೋಗುವುದಿಲ್ಲ, ಮುಂದಿನ ವರ್ಷ ಪಕ್ಕದ ಎಲೆ. ಇಲ್ಲಿನ 1986ರ ಕಾನೂನು ಪ್ರಾಣಿಯ ನೋವನ್ನು ಸಿಗಬಹುದಾದ ಪ್ರಯೋಜನದೊಡನೆ ತೂಗಿ ನೋಡಿಯೇ ಪರವಾನಗಿ ಕೊಡಬೇಕೆನ್ನುತ್ತದೆ. ತಕ್ಕಡಿಯ ಆಚೆ ತಟ್ಟೆಯಲ್ಲಿ ಬರೀ ಪದವಿ ಇದ್ದರೆ?

ಕಳೆದ ತಿಂಗಳು ಫೋನಿನಲ್ಲಿ ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ಈಗಲೂ ಮಾತ್ರೆ ನುಂಗುತ್ತಾನೆ, ಒಂದೆಲಗದ ತಂಬುಳಿಯನ್ನೂ ಉಣ್ಣುತ್ತಾನೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಬಂದಾಗ ನಂಗೇನೂ ಗೊತ್ತಾಗದಿಲ್ಲ ಅಣ್ಣ. ಬರ್ತಾ ಇದೆ ಅಂತ ಗೊತ್ತಾಗತ್ತಲ್ಲ, ಆ ಒಂದು ಗಳಿಗೆ ಯಾರಿಗೂ ಬೇಡ. ಇಲಿಗೂ ಅದು ಗೊತ್ತಾಗತ್ತಾ?"