ಗೆದ್ದೆವು ನಾವು, ಸೋತದ್ದು ಅವನು

ಜೂನ್ ತಿಂಗಳ ಕೊನೆ ಬಂತೆಂದರೆ ಈ ದೇಶದಲ್ಲಿ ಮೂರು ಸಂಗತಿಗಳು ತಪ್ಪದೆ ನಡೆಯುತ್ತವೆ. ಅಂಗಡಿಗಳಲ್ಲಿ ಸ್ಟ್ರಾಬೆರಿ ತುಂಬಿಕೊಳ್ಳುತ್ತದೆ, ಆಕಾಶದಲ್ಲಿ ಮೋಡ ಕವಿಯುತ್ತದೆ, ನಾಲ್ಕು ಜನ ಸೇರಿದ ಕಡೆಯೆಲ್ಲ "ಈ ಸಲವಾದರೂ ನಮ್ಮವರು ವಿಂಬಲ್ಡನ್ ಗೆಲ್ಲುತ್ತಾರಾ?" ಎಂಬ ಚರ್ಚೆ ಶುರುವಾಗುತ್ತದೆ. ನಮ್ಮ ಕನ್ನಡ ಮನೆಗಳೂ ಇದಕ್ಕೆ ಹೊರತಲ್ಲ. ಬಿಸಿಬೇಳೆ ಭಾತಿನ ತಟ್ಟೆ ಕೈಯಲ್ಲಿ ಹಿಡಿದೇ ಒಬ್ಬರು "ಅವನ ಎರಡನೇ ಸರ್ವ್‌ನಲ್ಲಿ ಬಲವೇ ಇಲ್ಲ" ಎನ್ನುತ್ತಾರೆ. ಇನ್ನೊಬ್ಬರು ಪತ್ರಿಕೆಯಲ್ಲಿ ಡ್ರಾ ನೋಡಿಕೊಂಡು ಬಂದಿರುತ್ತಾರೆ. ಕ್ವಾರ್ಟರ್ ಫೈನಲ್‌ವರೆಗೆ ದಾರಿ ಸಲೀಸು ಎಂದು ಲೆಕ್ಕ ಹಾಕಿ ತೋರಿಸುತ್ತಾರೆ. ಮೂರನೆಯವರು "ಎಲ್ಲ ಸರಿ ಸ್ವಾಮಿ, ಅವನಿಗೆ ಎದೆಗಾರಿಕೆ ಇಲ್ಲ" ಎಂದು ತೀರ್ಪು ಕೊಟ್ಟು ಮೊಸರನ್ನ ಬಡಿಸಿಕೊಳ್ಳಲು ಎದ್ದು ಹೋಗುತ್ತಾರೆ.

ಈ ಚರ್ಚೆ ತುಂಬಾ ಹಿತವಾದದ್ದು. ಇದಕ್ಕೆ ಖರ್ಚಿಲ್ಲ, ರಾಕೆಟ್ ಹಿಡಿದು ಅಭ್ಯಾಸವೂ ಬೇಕಿಲ್ಲ. ಆದರೆ ಇದರೊಳಗೆ ಒಂದು ನೈತಿಕ ಪ್ರಶ್ನೆ ಅಡಗಿ ಕೂತಿದೆ ಎಂದು ನಮಗೆ ಅನಿಸುತ್ತದೆ. ಆ ಪ್ರಶ್ನೆಯನ್ನು ನಮ್ಮ ಭಾಷೆಯೇ ಬಯಲು ಮಾಡುತ್ತದೆ. ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲೇ ಕರ್ತೃ ಇರುತ್ತಾನಷ್ಟೆ? ಆಟಗಾರ ಗೆದ್ದ ದಿನ ನಾವು ಏನೆನ್ನುತ್ತೇವೆ? "ಗೆದ್ದೆವು!" ಸೋತ ದಿನ? "ಸೋತ." ಒಂದೇ ರಾತ್ರಿಯಲ್ಲಿ ಬಹುವಚನ ಹೋಗಿ ಏಕವಚನ ಬರುತ್ತದೆ, "ನಾವು" ಹೋಗಿ "ಅವನು" ಬರುತ್ತಾನೆ. ಗೆದ್ದೆತ್ತಿನ ಬಾಲ ಹಿಡಿಯುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. ಗೆಲುವಿನಲ್ಲಿ ಪಾಲು ಕೇಳುವವರು ಸೋಲಿನಲ್ಲಿ ಪಾಲು ಹೊರಬೇಕೋ ಬೇಡವೋ? ಅದಕ್ಕಿಂತ ಮೊದಲು, ನಮಗೆ ಪಾಲು ಎಂಬುದು ಇದೆಯೋ ಇಲ್ಲವೋ?

ಟಿಮ್ ಹೆನ್ಮನ್ ಅವರನ್ನೇ ತೆಗೆದುಕೊಳ್ಳೋಣ. ಈ ದೇಶಕ್ಕೆ ಬಂದು ಬಹಳ ಕಾಲವಾದವರಿಗೆ ಅವರ ನೆನಪು ಚೆನ್ನಾಗಿ ಇರುತ್ತದೆ. 1998ರಿಂದ 2002ರವರೆಗಿನ ಐದು ವರ್ಷಗಳಲ್ಲಿ ನಾಲ್ಕು ಸಲ ಅವರು ವಿಂಬಲ್ಡನ್ ಸೆಮಿಫೈನಲ್ ತಲುಪಿದರು; ನಾಲ್ಕು ಸಲವೂ ಅಲ್ಲೇ ನಿಂತರು. ಮೊದಲ ಎರಡು ಸಲ ಎದುರಿಗೆ ಪೀಟ್ ಸಾಂಪ್ರಾಸ್. 2001ರಲ್ಲಿ ಎದುರಿಗಿದ್ದವರು ಗೋರಾನ್ ಇವಾನಿಸೆವಿಚ್. ಶುಕ್ರವಾರ ಮೂರನೇ ಸೆಟ್ಟನ್ನು ಹೆನ್ಮನ್ 6–0ರಿಂದ ಗೆದ್ದು ಎರಡು ಸೆಟ್ಟಿಗೆ ಒಂದರಂತೆ ಮುಂದಿದ್ದರು. ಆಗ ಮಳೆ ಬಂತು. ಸೆಂಟರ್ ಕೋರ್ಟಿಗೆ ಮುಚ್ಚುವ ಚಾವಣಿ ಬಂದದ್ದು 2009ರಲ್ಲಿ, ಆಗ ಇರಲಿಲ್ಲ. ಪಂದ್ಯ ಮೂರು ದಿನ ಎಳೆದು ಭಾನುವಾರ ಮುಗಿಯುವ ಹೊತ್ತಿಗೆ ಐದನೇ ಸೆಟ್ಟಿನಲ್ಲಿ ಹೆನ್ಮನ್ ಸೋತಿದ್ದರು. ವಿಶ್ವದ ಪಟ್ಟಿಯಲ್ಲಿ 125ನೇ ಸ್ಥಾನದಲ್ಲಿದ್ದು, ವೈಲ್ಡ್ ಕಾರ್ಡ್ ಪಡೆದು ಬಂದಿದ್ದ ಇವಾನಿಸೆವಿಚ್ ಮರುದಿನ ಫೈನಲ್ಲನ್ನೂ ಗೆದ್ದರು.

ಹೆನ್ಮನ್ ಒಂದು ಕಾಲಕ್ಕೆ ಜಗತ್ತಿನ ನಾಲ್ಕನೇ ಆಟಗಾರ. ಒಲಿಂಪಿಕ್ಸ್ ಬೆಳ್ಳಿ ಪದಕ ಪಡೆದವರು. ಯಾವುದೇ ಉದ್ಯೋಗದಲ್ಲಿ ಭೂಮಿಯ ಮೇಲೆ ನಾಲ್ಕನೆಯವರಾಗಿ ನಿಲ್ಲುವವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ? ಡಾಕ್ಟರುಗಳಲ್ಲಿ, ಎಂಜಿನಿಯರುಗಳಲ್ಲಿ, ಅಕೌಂಟೆಂಟುಗಳಲ್ಲಿ? ಆದರೂ ಅವರ ಹೆಸರು ಬಂದಾಗ ಇಂದಿಗೂ ಕೇಳುವ ಮಾತು "ಪಾಪ, ಗೆಲ್ಲಲಿಲ್ಲ" ಎಂಬುದೇ. ದೊಡ್ಡ ಪರದೆಯ ಮುಂದೆ ಜನ ಕೂರುವ ಹುಲ್ಲಿನ ದಿಬ್ಬಕ್ಕೆ ಅವರ ಹೆಸರಿಟ್ಟು "ಹೆನ್ಮನ್ ಹಿಲ್" ಎಂದರು. ಆಂಡಿ ಮರ್ರಿ ಬಂದ ಮೇಲೆ ಅದೇ ದಿಬ್ಬ ಹಲವರ ಬಾಯಲ್ಲಿ "ಮರ್ರಿ ಮೌಂಡ್" ಆಯಿತು. ದಿಬ್ಬ ಅದೇ, ಜನ ಅವರೇ, ಹೊರೆ ಹೊರುವವರು ಮಾತ್ರ ಬದಲಾಗಿದ್ದರು.

ಇಲ್ಲಿ ಅಭಿಮಾನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಪ್ರೇಕ್ಷಕರಿಲ್ಲದ ಆಟ ಆಟವೇ ಅಲ್ಲ. ರಾತ್ರಿಯೆಲ್ಲ ಸಾಲಿನಲ್ಲಿ ನಿಂತು ಟಿಕೆಟ್ ಪಡೆಯುವವರ ಪ್ರೀತಿ ಸುಳ್ಳಲ್ಲ. ಗುರುತಿಲ್ಲದ ಒಬ್ಬ ಮನುಷ್ಯನಿಗಾಗಿ ಎದೆ ಹೊಡೆದುಕೊಳ್ಳುತ್ತದೆ ಎಂದರೆ, ನಾವು ನಮ್ಮ ಹೊಟ್ಟೆಪಾಡಿನ ಆಚೆಗೂ ಬದುಕುತ್ತೇವೆ ಎಂದು ಅರ್ಥ. ಅದು ದೊಡ್ಡ ಗುಣವೇ. ಆ ಪ್ರೀತಿ ಆಟಗಾರನಿಗೆ ಬಲವನ್ನೂ ಕೊಡುತ್ತದೆ. 2012ರ ಜುಲೈನಲ್ಲಿ ಮರ್ರಿ ಫೈನಲ್‌ನಲ್ಲಿ ರೋಜರ್ ಫೆಡರರ್ ಅವರಿಗೆ ಸೋತು, ಮೈಕಿನ ಮುಂದೆ ಮಾತು ಬಾರದೆ ಅತ್ತರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಲ್ಲಿಯವರೆಗೆ ಮುಖ ಗಂಟಿಕ್ಕಿಕೊಂಡ ಹುಡುಗ ಎಂದು ದೂರ ಇಟ್ಟಿದ್ದ ಎಷ್ಟೋ ಜನ ಅವರನ್ನು ಒಪ್ಪಿಕೊಂಡದ್ದು ಅಂದೇ, ಅವರು ಸೋತ ದಿನ. ನಾಲ್ಕು ವಾರಗಳ ನಂತರ ಅದೇ ಅಂಗಣದಲ್ಲಿ ಅದೇ ಫೆಡರರ್ ಅವರನ್ನು ಮೂರು ನೇರ ಸೆಟ್ಟುಗಳಲ್ಲಿ ಸೋಲಿಸಿ ಅವರು ಒಲಿಂಪಿಕ್ಸ್ ಚಿನ್ನ ಪಡೆದರು. 2013ರ ಜುಲೈ 7ರಂದು ನೊವಾಕ್ ಜೊಕೊವಿಚ್ ಅವರನ್ನು ಸೋಲಿಸಿ ವಿಂಬಲ್ಡನ್ ಗೆದ್ದರು. ಕೊನೆಯ ಗೇಮಿನಲ್ಲಿ ಮೂರು ಚಾಂಪಿಯನ್‌ಶಿಪ್ ಪಾಯಿಂಟುಗಳು ಕೈಜಾರಿ, ನಾಲ್ಕನೆಯದರಲ್ಲಿ ಗೆಲುವು ಬಂತು. ಆ ಕೆಲವು ನಿಮಿಷಗಳಲ್ಲಿ ಕೈ ನಡುಗಿದ್ದು ಟೀವಿ ಮುಂದೆ ಕೂತ ಲಕ್ಷಾಂತರ ಜನರದ್ದು. ನಡುಗುವ ಕೈಯಲ್ಲೂ ಸರ್ವ್ ಮಾಡಬೇಕಾಗಿದ್ದವರು ಒಬ್ಬರೇ.

ಹಾಗಾದರೆ ತಪ್ಪು ಎಲ್ಲಿ? ಹಾರೈಸುವುದರಲ್ಲಿ ತಪ್ಪಿಲ್ಲ. ಹಾರೈಕೆಯನ್ನು ಸಾಲವಾಗಿ ಬರೆದಿಡುವುದರಲ್ಲಿದೆ. ನಾವು ಒಬ್ಬರಿಗೆ ಒಳ್ಳೆಯದಾಗಲಿ ಎಂದು ಬಯಸಿದರೆ ಅದು ಕೊಟ್ಟು ಮರೆಯಬೇಕಾದ ವಸ್ತು. ಬದಲಿಗೆ "ನಾವು ಇಷ್ಟು ಆಸೆ ಇಟ್ಟುಕೊಂಡಿದ್ದೆವು, ಹೀಗೆ ಮಾಡಿಬಿಟ್ಟನಲ್ಲ" ಎನ್ನುವಾಗ ನಾವು ಬಡ್ಡಿ ಸಮೇತ ವಸೂಲಿಗೆ ಹೊರಟಿರುತ್ತೇವೆ. ಆಟಗಾರ ನಮ್ಮಿಂದ ಸಾಲ ಕೇಳಿರಲಿಲ್ಲ. ಪತ್ರಕ್ಕೆ ಸಹಿಯನ್ನೂ ಹಾಕಿರಲಿಲ್ಲ.

ಫಲದ ಆಸೆ ಬಿಟ್ಟು ಕೆಲಸ ಮಾಡು ಎಂಬ ಗೀತೆಯ ಉಪದೇಶವನ್ನು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಅಭಿಮಾನಿ ಅದನ್ನು ತಲೆಕೆಳಗು ಮಾಡುತ್ತಾನೆ: ಕೆಲಸವೆಲ್ಲ ಆಟಗಾರನದು, ಫಲದ ಆಸೆಯೆಲ್ಲ ಇವನದು! ಸೆಂಟರ್ ಕೋರ್ಟಿಗೆ ಆಟಗಾರರು ಹೋಗುವ ಬಾಗಿಲ ಮೇಲೆ ಕಿಪ್ಲಿಂಗ್ ಕವನದ ಸಾಲುಗಳನ್ನು ಬರೆಸಿದ್ದಾರೆ. ನಮ್ಮ ಮುಂಬಯಿಯಲ್ಲಿ ಹುಟ್ಟಿದ ಆ ಕವಿಯ ಮಾತಿನ ತಿರುಳು, ಗೆಲುವು ಸೋಲುಗಳೆರಡನ್ನೂ ಒಂದೇ ರೀತಿ ಕಾಣಬೇಕು ಎಂಬುದು. ಆಟಗಾರರಿಗೆ ಈ ಬುದ್ಧಿವಾದ ಬೇಕೇ ಬೇಕು, ನಿಜ. ಆದರೆ ಅದನ್ನು ನಾವು ಒಳಗೆ ಬರುವ ಗೇಟಿನ ಮೇಲೆಯೂ, ಟೀವಿಯ ಮೇಲೆಯೂ ಬರೆಸಿದ್ದರೆ ಇನ್ನೂ ಹೆಚ್ಚು ಉಪಯೋಗವಾಗುತ್ತಿತ್ತು.

ಇನ್ನು "ನಮ್ಮವರು" ಎಂಬ ಮಾತು. ಯಾರು ನಮ್ಮವರು? ಪರದೇಶದಲ್ಲಿ ನೆಲೆಸಿರುವ ನಮಗೆ ಇದು ಬರೀ ಆಟದ ಪ್ರಶ್ನೆಯಲ್ಲ. 1990ರಲ್ಲಿ ನಾರ್ಮನ್ ಟೆಬ್ಬಿಟ್ ಎಂಬ ರಾಜಕಾರಣಿ, ಏಷ್ಯಾದಿಂದ ಬಂದು ಇಲ್ಲಿ ನೆಲೆಸಿದವರು ಕ್ರಿಕೆಟ್‌ನಲ್ಲಿ ಯಾವ ತಂಡಕ್ಕೆ ಜೈ ಎನ್ನುತ್ತಾರೆ ಎಂಬುದೇ ಅವರ ನಿಷ್ಠೆಯ ಪರೀಕ್ಷೆ ಎಂಬರ್ಥದ ಮಾತಾಡಿ ದೊಡ್ಡ ಗದ್ದಲ ಎಬ್ಬಿಸಿದರು. ಆದರೆ ಟೆನಿಸ್ಸಿನ ಚರಿತ್ರೆ ನೋಡಿದರೆ, ಪರೀಕ್ಷೆ ಬರೆಯಬೇಕಾದವರು ನಾವೊಬ್ಬರೇ ಅಲ್ಲ ಎಂದು ತಿಳಿಯುತ್ತದೆ.

1934, 1935, 1936ರಲ್ಲಿ ಸತತವಾಗಿ ಗೆದ್ದ ಫ್ರೆಡ್ ಪೆರ್ರಿ ಲೇಬರ್ ಪಕ್ಷದ ಸಂಸತ್ ಸದಸ್ಯರೊಬ್ಬರ ಮಗ. ತಂದೆ ಮೊದಲು ಹತ್ತಿ ಗಿರಣಿಯಲ್ಲಿ ದುಡಿದವರು. ಅಂದಿನ ಟೆನಿಸ್ ಕ್ಲಬ್ಬಿನ ದೊಡ್ಡ ಮನುಷ್ಯರಿಗೆ ಆ ಹುಡುಗ ಗೆದ್ದಾಗಲೂ ಪೂರ್ತಿಯಾಗಿ "ನಮ್ಮವನು" ಅನಿಸಲಿಲ್ಲ. ಪೆರ್ರಿ ಹಣಕ್ಕಾಗಿ ಆಡುವ ವೃತ್ತಿಪರರಾದರು, ಅಮೆರಿಕದ ಪೌರರೂ ಆದರು. ಅವರ ಪ್ರತಿಮೆ ವಿಂಬಲ್ಡನ್ನಿನಲ್ಲಿ ನಿಂತದ್ದು 1984ರಲ್ಲಿ, ಮೊದಲ ಗೆಲುವಿಗೆ ಐವತ್ತು ವರ್ಷ ತುಂಬಿದಾಗ. ಕೆನಡಾದಲ್ಲಿ ಹುಟ್ಟಿ, ತಾಯಿಯ ಕಡೆಯಿಂದ ಬ್ರಿಟಿಷ್ ಆದ ಗ್ರೆಗ್ ರುಸೆಡ್ಸ್ಕಿ 1995ರಲ್ಲಿ ಈ ದೇಶದ ಪರ ಆಡತೊಡಗಿದಾಗ ಇವನು ಬ್ರಿಟಿಷನೋ ಕೆನಡಾದವನೋ ಎಂಬ ಚರ್ಚೆ ನಡೆಯಿತು. 1997ರಲ್ಲಿ ಅಮೆರಿಕನ್ ಓಪನ್ ಫೈನಲ್ ತಲುಪಿದಾಗ ಅದು ಬಹಳ ಮಟ್ಟಿಗೆ ತಣ್ಣಗಾಯಿತು. ಮರ್ರಿ ವಿಚಾರದಲ್ಲಂತೂ ಗೆದ್ದರೆ ಬ್ರಿಟಿಷ್, ಸೋತರೆ ಸ್ಕಾಟಿಷ್ ಎಂಬುದು ಹಳೆಯ ನಗೆಮಾತು. ಅವರು ಗೆದ್ದ ದಿನ "77 ವರ್ಷಗಳ ನಂತರ ಬ್ರಿಟನ್ನಿಗೆ ವಿಂಬಲ್ಡನ್" ಎಂದು ಹಲವರು ಸಂಭ್ರಮಿಸಿದರು. 1977ರಲ್ಲಿ ಮಹಿಳೆಯರ ಸಿಂಗಲ್ಸ್ ಗೆದ್ದ ವರ್ಜೀನಿಯಾ ವೇಡ್ ಆ "ನಾವು" ಎಂಬುದರೊಳಗೆ ಬರಲೇ ಇಲ್ಲ!

ಎಮ್ಮಾ ರಾಡುಕಾನು ಅವರ ಕಥೆ ನಮಗೆ ಇನ್ನೂ ಹತ್ತಿರದ್ದು. ತಂದೆ ರುಮೇನಿಯಾದವರು, ತಾಯಿ ಚೀನಾದವರು, ಹುಟ್ಟಿದ್ದು ಟೊರಾಂಟೋದಲ್ಲಿ, ಬೆಳೆದದ್ದು ಲಂಡನ್ನಿನಲ್ಲಿ. 2021ರ ವಿಂಬಲ್ಡನ್ನಿನ ನಾಲ್ಕನೇ ಸುತ್ತಿನಲ್ಲಿ ಉಸಿರಾಟದ ತೊಂದರೆಯಿಂದ ಪಂದ್ಯ ಬಿಟ್ಟು ಹೊರಬಂದಾಗ ಆ ಹುಡುಗಿಗೆ ಹದಿನೆಂಟು ವರ್ಷ. ಒತ್ತಡ ತಡೆಯುವ ಶಕ್ತಿ ಇಲ್ಲ ಎಂದು ಹೇಳಿದವರಿಗೆ ಕೊರತೆ ಇರಲಿಲ್ಲ. ಎರಡು ತಿಂಗಳ ಮೇಲೆ ಅರ್ಹತಾ ಸುತ್ತಿನಿಂದ ಶುರುಮಾಡಿ ಹತ್ತು ಪಂದ್ಯಗಳಲ್ಲಿ ಒಂದು ಸೆಟ್ಟನ್ನೂ ಬಿಡದೆ ಅಮೆರಿಕನ್ ಓಪನ್ ಗೆದ್ದರು. ದೇಶವೆಲ್ಲ "ನಮ್ಮ ಎಮ್ಮಾ" ಎಂದಿತು. ಆಮೇಲೆ ಗಾಯಗಳು, ಸೋಲುಗಳು; "ನಮ್ಮ" ಎಂಬುದು ಮತ್ತೆ ಸಣ್ಣಗಾಯಿತು. ನಮ್ಮ ಮಕ್ಕಳೂ ಇಂಥದೇ ದೇಶದಲ್ಲಿ, ಎರಡು ಮೂರು ನೆಲಗಳ ಗುರುತು ಹೊತ್ತು ಬೆಳೆಯುತ್ತಿದ್ದಾರೆ. ಗೆದ್ದಾಗ ಮಾತ್ರ ಒಳಗೆ ಕರೆಯುವ "ನಾವು" ಎಂಥದ್ದು ಎಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಸಂತೋಷದ ಉದಾಹರಣೆ ಕೊಡಬಹುದು. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಅವರಿಗೆ ಆಗ 43 ವರ್ಷ. ಜೊತೆಗಾರ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್. ಅಂದು ಮೆಲ್ಬರ್ನ್‌ನಲ್ಲಿ ಕೂತಿದ್ದ ಕನ್ನಡಿಗರು ಯಾರ ಪರ? ಪ್ರಶ್ನೆಯೇ ಏಳಲಿಲ್ಲ. ಹುಟ್ಟಿದ ನಾಡು, ನೆಲೆಸಿದ ನಾಡು ಎರಡೂ ಬಲೆಯ ಒಂದೇ ಬದಿಯಲ್ಲಿ ನಿಂತಿದ್ದವು. ಮೊದಲ ಗ್ರ್ಯಾಂಡ್ ಸ್ಲಾಮ್ ಪುರುಷರ ಡಬಲ್ಸ್ ಪ್ರಶಸ್ತಿಗೆ ಆ ವಯಸ್ಸಿನವರೆಗೆ ಕಾದ ಮನುಷ್ಯನ ವಿಷಯದಲ್ಲಿ, ಆತನ ಸಾಧ್ಯತೆ ಎಷ್ಟು ಎಂದು ವರ್ಷ ವರ್ಷ ತೀರ್ಪು ಕೊಟ್ಟವರ ಮಾತು ಎಲ್ಲಿ ಹೋಯಿತೋ!

ಈಗ ನಮ್ಮ ಮನೆಯೊಳಕ್ಕೆ ಬರೋಣ. ವಿಂಬಲ್ಡನ್ ಮುಗಿದು ಒಂದು ತಿಂಗಳಾಗುವಷ್ಟರಲ್ಲಿ ಆಗಸ್ಟ್ ಬರುತ್ತದೆ, ಜಿ.ಸಿ.ಎಸ್.ಇ., ಎ-ಲೆವೆಲ್ ಫಲಿತಾಂಶಗಳು ಬರುತ್ತವೆ. ಆಗ ನಡೆಯುವ ಮಾತುಕತೆಯನ್ನು ಸ್ವಲ್ಪ ಗಮನಿಸಿ ನೋಡಿ. ಅಂಕ ಚೆನ್ನಾಗಿ ಬಂದರೆ ಯಜಮಾನರು "ನನ್ನ ಮಗ" ಎಂದು ಬೆಂಗಳೂರಿಗೆ ಫೋನು ಮಾಡುತ್ತಾರೆ. ಬರದಿದ್ದರೆ ಅಡುಗೆಮನೆಯತ್ತ ತಿರುಗಿ "ನೋಡು ನಿನ್ನ ಮಗ ಮಾಡಿದ ಕೆಲಸ" ಎನ್ನುತ್ತಾರೆ! ಕೇಳಲು ನಗು ಬರುತ್ತದೆ. ಆದರೆ ಗೋಡೆಯ ಆಚೆ ಕೂತು ಕೇಳಿಸಿಕೊಳ್ಳುವ ಹದಿನಾರು ವರ್ಷದ ಹುಡುಗನಿಗೆ ನಗು ಬರುವುದಿಲ್ಲ.

ತಂದೆತಾಯಿಗಳು ಬರೀ ಪ್ರೇಕ್ಷಕರಲ್ಲ, ಒಪ್ಪೋಣ. ಊರು ಬಿಟ್ಟು ಬಂದದ್ದು, ಚಳಿಯಲ್ಲಿ ರಾತ್ರಿ ಪಾಳಿ ಮಾಡಿದ್ದು, ಶನಿವಾರ ಭಾನುವಾರ ಟ್ಯೂಷನ್ನಿಗೆ ಕಾರು ಓಡಿಸಿದ್ದು ಎಲ್ಲವೂ ನಿಜವಾದ ದುಡಿಮೆ. ಮಕ್ಕಳ ಗೆಲುವಿನಲ್ಲಿ ಅವರ ಪಾಲು ಖಂಡಿತ ಇದೆ. ಹಾಗಿದ್ದರೂ ಪರೀಕ್ಷೆಯ ಕೋಣೆಗೆ ಹೋಗುವುದು ಮಗು ಒಬ್ಬನೇ, ಸಿಂಗಲ್ಸ್ ಆಟಗಾರನ ಹಾಗೆ. ಅಲ್ಲಿ ಬದಲಿ ಆಟಗಾರನಿಲ್ಲ. ಪಾಲು ಇದೆ ಎನ್ನುವುದಾದರೆ ಅದು ಸೋಲಿನಲ್ಲೂ ಇರಬೇಕು. "ಈ ಸಲ ನಾವು ಸೋತೆವು, ಬಾ ಊಟ ಮಾಡು" ಎಂದು ಹೇಳಲು ಬಂದರೆ ಮಾತ್ರ "ನಾವು ಗೆದ್ದೆವು" ಎನ್ನುವ ಹಕ್ಕು ನಮಗೆ ಸಿಗುತ್ತದೆ. ಆಟಗಾರರ ವಿಷಯದಲ್ಲೂ ನಿಯಮ ಅದೇ. ಎರಡು ಕಡೆಯೂ "ನಾವು" ಎನ್ನಿ. ಇಲ್ಲವೇ ಎರಡು ಕಡೆಯೂ "ಅವರು" ಎನ್ನಿ. ಎರಡೂ ಪ್ರಾಮಾಣಿಕವೇ. ಒಂದು ಕಡೆ "ನಾವು", ಇನ್ನೊಂದು ಕಡೆ "ಅವನು" ಎನ್ನುವುದು ಮಾತ್ರ ನ್ಯಾಯವಲ್ಲ.

ಹಾಗೆಂದು ಚರ್ಚೆ ನಿಲ್ಲಿಸಬೇಕೆಂದು ನಾವು ಹೇಳುತ್ತಿಲ್ಲ. ಎರಡನೇ ಸರ್ವ್ ಬಗ್ಗೆ, ಡ್ರಾ ಬಗ್ಗೆ, ಹುಲ್ಲಿನ ಅಂಕಣದ ಮೇಲೆ ಚೆಂಡು ಎಷ್ಟು ಏಳುತ್ತದೆ ಎಂಬುದರ ಬಗ್ಗೆ ಧಾರಾಳವಾಗಿ ವಾದ ಮಾಡೋಣ. ಆಟದ ಲೆಕ್ಕಾಚಾರ ಆಟಕ್ಕೆ ಸಲ್ಲುವ ಗೌರವ. "ಎದೆಗಾರಿಕೆ ಇಲ್ಲ" ಎಂಬ ತೀರ್ಪನ್ನು ಮಾತ್ರ ಸ್ವಲ್ಪ ತಡೆದು ಕೊಡೋಣ. ಸಾವಿರಾರು ಜನ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಚೆಂಡು ಮೇಲೆಸೆದು ಹೊಡೆಯಲು ನಿಂತವರ ಎದೆಯ ಅಳತೆ ಸೋಫಾದ ಮೇಲೆ ಕೂತವರಿಗೆ ಸಿಗುವಂಥದ್ದಲ್ಲ.

ಈ ವಿಚಾರದಲ್ಲಿ ಸದಸ್ಯ ಬಂಧುಗಳ ಅಭಿಪ್ರಾಯ ಬೇರೆ ಇರಬಹುದು. ಅಭಿಮಾನವೆಂದರೆ ಸಿಟ್ಟೂ ಸೇರಿದ್ದೇ, ಪ್ರೀತಿಸುವವರು ಬೈಯುವ ಹಕ್ಕು ಬಿಟ್ಟುಕೊಡಬಾರದು ಎನ್ನುವವರು ನಮ್ಮಲ್ಲಿ ಇದ್ದಾರೆ. ಅವರ ವಾದದಲ್ಲೂ ಹುರುಳಿದೆ. ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಮಕ್ಕಳು ಬರೆದರಂತೂ ಇನ್ನೂ ಸಂತೋಷ. ಗೋಡೆಯ ಆಚೆ ಕೂತು ಏನೇನು ಕೇಳಿಸಿಕೊಂಡಿದ್ದಾರೆ ಎಂಬುದು ನಮಗೂ ತಿಳಿಯಲಿ.