ಅತಿಥಿಯ ಧರ್ಮ

ಗೃಹಸ್ಥನು ಅತಿಥಿಗೆ ಮಾಡತಕ್ಕ ಸತ್ಕಾರವನ್ನು ನಮ್ಮ ಪೂರ್ವಿಕರು ಬಹು ವಿಸ್ತಾರವಾಗಿ ಹೇಳಿರುವರು. ಅತಿಥಿಯನ್ನು ದೇವರೆಂದು ಭಾವಿಸಬೇಕೆಂದು ತೈತ್ತಿರೀಯೋಪನಿಷತ್ತು ಶಿಷ್ಯನಿಗೆ ಉಪದೇಶಿಸುವುದು. ಕಠೋಪನಿಷತ್ತಿನಲ್ಲಿ ಯಮಧರ್ಮರಾಜನಂತಹವನೇ ತನ್ನ ಬಾಗಿಲಿನಲ್ಲಿ ಮೂರು ರಾತ್ರಿ ಉಪವಾಸವಿದ್ದ ಬಾಲಕನಿಗೆ ಮೂರು ವರಗಳನ್ನು ಕೊಟ್ಟು ಸಮಾಧಾನಪಡಿಸಬೇಕಾಯಿತು. ಇದೆಲ್ಲವೂ ಆತಿಥೇಯನಿಗೆ ವಿಧಿಸಿದ ಧರ್ಮ. ಹಾಗಾದರೆ ಅತಿಥಿಗೆ ಧರ್ಮವೇನೂ ಇಲ್ಲವೆ? ದೇವರಾದವನು ಪೂಜೆಯನ್ನು ಸ್ವೀಕರಿಸುತ್ತ ಸುಮ್ಮನೆ ಕುಳಿತಿದ್ದರೆ ಸಾಕೆ? ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಈ ವಾಕ್ಯಗಳನ್ನು ಬಾಯಿಪಾಠ ಮಾಡಿಸಿದ ನನಗೆ ಈ ಪ್ರಶ್ನೆಯು ಒಂದು ದಿನವೂ ತೋರಲಿಲ್ಲ. ಕಳೆದ ಮಾರ್ಗಶಿರ ಮಾಸದಲ್ಲಿ, ಕಾರವಾರದ ಕಡಲಿನ ಮೇಲೆ, ಒಂದು ಹಾಯಿದೋಣಿಯಲ್ಲಿ ಅದು ತೋರಿತು. ತೋರಿದ ರೀತಿಯು ನನಗೆ ಗೌರವವನ್ನು ತರುವಂತಹುದಲ್ಲ, ಆದರೂ ಹೇಳುವೆನು.

ನನ್ನಲ್ಲಿ ಸಂಸ್ಕೃತವನ್ನು ಓದಿದ ಹುಡುಗನೊಬ್ಬನು ಮುಂದೆ ಎಂಜಿನಿಯರನಾಗಿ ಬಹುಕಾಲ ಹೊರದೇಶದಲ್ಲಿದ್ದು, ಐವತ್ತನೆಯ ವಯಸ್ಸಿಗೆ ಉದ್ಯೋಗವನ್ನು ಬಿಟ್ಟು, ಪತ್ನಿಯೊಡನೆ ಪಶ್ಚಿಮ ತೀರಕ್ಕೆ ಬಂದು ನೆಲಸಿರುವನು. ನೆಲಸಿರುವನೆಂದರೆ ಮನೆಯನ್ನು ಕಟ್ಟಿಕೊಂಡಿರುವನೆಂದು ಅರ್ಥವಲ್ಲ. ಮಳೆಗಾಲವು ಕಳೆದ ಮೇಲೆ ವರ್ಷದ ಆರು ತಿಂಗಳು ಆ ದಂಪತಿಗಳಿಗೆ ಮೂವತ್ತು ಅಡಿ ಉದ್ದದ ದೋಣಿಯೇ ಮನೆ. ಈಗ ನಾವಿಬ್ಬರೂ ಗುರುಶಿಷ್ಯರೆನ್ನುವುದಕ್ಕಿಂತ ಮಿತ್ರರೆನ್ನುವುದೇ ಸರಿ. ಆದರೂ ಅವನ ಬಾಯಲ್ಲಿ ನಾನು ಇಂದಿಗೂ ‘ಮೇಷ್ಟ್ರು’. “ಮೇಷ್ಟ್ರೇ, ಚಂದ್ರಾ ಲೇಔಟಿನ ಧೂಳು ಕುಡಿದದ್ದು ಸಾಕು. ಅಮ್ಮನವರನ್ನು ಕರೆದುಕೊಂಡು ಒಂದು ವಾರ ಬನ್ನಿ, ದ್ವೀಪಗಳನ್ನು ತೋರಿಸುತ್ತೇನೆ” ಎಂದು ಮೂರು ವರ್ಷಗಳಿಂದ ಕರೆಯುತ್ತಿದ್ದನು.

ನನಗೆ ಮೊದಲು ಒಂದು ಸಂಕೋಚವಿದ್ದಿತು. ಬೌಧಾಯನರು ಸಮುದ್ರಯಾನವನ್ನು ಪಾತಿತ್ಯವನ್ನುಂಟುಮಾಡುವ ಕರ್ಮಗಳಲ್ಲಿ ಎಣಿಸಿರುವರು. ಅದು ಉತ್ತರದೇಶದವರಲ್ಲಿ ರೂಢಿಯಾದ ಆಚಾರವೆಂದು ಹೇಳಿರುವವರೂ ಅದೇ ಬೌಧಾಯನರೇ. ಈ ಎರಡು ಮಾತುಗಳನ್ನು ಹೇಗೆ ಹೊಂದಿಸಬೇಕೆಂದು ನಾನು ಯೋಚಿಸುತ್ತಿದ್ದಾಗ ನನ್ನ ಪತ್ನಿಯು, “ಕಾರವಾರದ ಬೆಸ್ತರು ದಿನವೂ ಹೋಗಿಬರುವ ನೀರಿನಲ್ಲಿ ನಿಮಗೊಬ್ಬರಿಗೇ ಪಾತಕ ಕಾದು ಕುಳಿತಿದೆಯೆ?” ಎಂದು ಕೇಳಿದಳು. ವಿಚಾರವು ಅಲ್ಲಿಗೆ ಮುಗಿಯಿತು. ರಾತ್ರಿಯ ರೈಲಿನಲ್ಲಿ ಹೊರಟೆವು.

ಕಾಳೀನದಿಯು ಸಮುದ್ರವನ್ನು ಸೇರುವೆಡೆಯಲ್ಲಿ ಕಾರವಾರವಿರುವುದು. ಅದರ ಮುಂದಿನ ಕಡಲಿನಲ್ಲಿ ದೀಪಸ್ತಂಭವನ್ನು ಹೊತ್ತ ದೇವಗಡ, ಆಮೆಯು ಬೆನ್ನನ್ನೆತ್ತಿ ಮಲಗಿದಂತಿರುವ ಕೂರ್ಮಗಡ ಮೊದಲಾದ ದ್ವೀಪಗಳಿರುವುವು. ಕೂರ್ಮಗಡದಲ್ಲಿ ನರಸಿಂಹಸ್ವಾಮಿಯ ಗುಡಿಯಿದ್ದು, ಪುಷ್ಯ ಮಾಸದ ಹುಣ್ಣಿಮೆಯ ಜಾತ್ರೆಗೆ ಜನರು ದೋಣಿಗಳಲ್ಲಿ ಬರುವರು. ನಾವು ಹೋದಾಗ ಜಾತ್ರೆಯಿರಲಿಲ್ಲ. ದ್ವೀಪದ ಮರೆಯಲ್ಲಿ ನಮ್ಮ ಲಂಗರೊಂದೇ ಬಿದ್ದಿದ್ದಿತು. ಎರಡು ರಾತ್ರಿ ಅಲ್ಲಿದ್ದು, ಬಳಿಕ ದಕ್ಷಿಣಕ್ಕೆ ಗೋಕರ್ಣದ ತೀರವನ್ನೂ ಹೊನ್ನಾವರದ ಬಳಿಯ ಬಸವರಾಜದುರ್ಗವನ್ನೂ ನೋಡಿ, 6ನೆಯ ದಿನಕ್ಕೆ ಹಿಂದಿರುಗುವುದೆಂದು ನಿಶ್ಚಯವಾಗಿದ್ದಿತು.

ಆ ಕಡಲಿನ ಸೊಬಗನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಗಾಳಿಯ ವಿಷಯವನ್ನು ಮಾತ್ರ ಹೇಳಬೇಕು. ಅದರಿಂದ ಮುಂದೆ ಪ್ರಯೋಜನವುಂಟು. ಹಗಲಿನಲ್ಲಿ ನೆಲವು ನೀರಿಗಿಂತ ಬೇಗನೆ ಕಾಯುವುದರಿಂದ ಮಧ್ಯಾಹ್ನದ ಮೇಲೆ ಗಾಳಿಯು ಕಡಲಿನಿಂದ ದಡಕ್ಕೆ ಬೀಸುವುದು. ರಾತ್ರಿ ನೆಲವು ಬೇಗನೆ ತಣಿಯುವುದರಿಂದ ಬೆಳಗಿನ ಜಾವದಲ್ಲಿ ದಡದಿಂದ ಕಡಲಿಗೆ ಬೀಸುವುದು. ಹಾಯಿಯ ಕಾಲದ ಮೀನುಗಾರರು ಒಂದನ್ನು ನಂಬಿ ಹೊರಟು ಮತ್ತೊಂದನ್ನು ನಂಬಿ ಮನೆಗೆ ಬರುತ್ತಿದ್ದರು. ಚಳಿಗಾಲದ ಮಧ್ಯಾಹ್ನದ ಗಾಳಿಯು ವಾಯವ್ಯದಿಂದ ಬರುವುದರಿಂದ ದಕ್ಷಿಣಕ್ಕೆ ಹೋಗುವವರಿಗೆ ಅದು ಬಹು ಅನುಕೂಲ. ಇದನ್ನು ನನಗೆ ಪಾಠ ಹೇಳಿದವನು ನನ್ನ ಶಿಷ್ಯನೇ. ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟು, ಹಾಯಿಯು ಗಾಳಿಯನ್ನು ತುಂಬಿಕೊಳ್ಳುವ ಬಗೆಯನ್ನು ತೋರಿಸಿ, ನಾನು ತಪ್ಪಿದಾಗ ನಕ್ಕು ತಿದ್ದಿದನು. ದೋಣಿಯನ್ನು ಹತ್ತಿದ ಕೂಡಲೇ ತೇಲುಗವಚವನ್ನು ತೊಡಿಸಿ, “ಇಲ್ಲಿಯೇ ಕೂರಬೇಕು, ಇದನ್ನು ಬಿಚ್ಚಕೂಡದು” ಎಂದು ಮೇಷ್ಟ್ರಿಗೇ ಆಜ್ಞೆ ಮಾಡಿದನು. ಆ ವಿಷಯದಲ್ಲಿ ಅವನಿಗೆ ಯಾವ ದಾಕ್ಷಿಣ್ಯವೂ ಇರಲಿಲ್ಲ.

ಮೊದಲ ದಿನದ ಬೆಳಗ್ಗೆ ನಾನು ಸ್ನಾನಕ್ಕೆ ನೀರನ್ನು ಕೇಳಿದೆನು. “ಕಡಲಿನಲ್ಲಿ ಮುಳುಗಿ ಬಂದು, ಮೇಲೆ ಒಂದು ಚೊಂಬು ಸಿಹಿನೀರು ಹಾಕಿಕೊಳ್ಳುವುದು ನಮ್ಮ ರೂಢಿ, ಮೇಷ್ಟ್ರೇ” ಎಂದು ಅವನು ಮೆಲ್ಲಗೆ ಹೇಳಿದನು. ಪರ್ವಕಾಲದಲ್ಲಲ್ಲದೆ ಸಮುದ್ರಸ್ನಾನವು ವಿಹಿತವಲ್ಲವೆಂದು ನಾನು ಅವನಿಗೆ ಶಾಸ್ತ್ರವನ್ನು ಹೇಳಿದೆನು. ಅವನು ಎದುರಾಡಲಿಲ್ಲ. ಎರಡು ಬಕೆಟು ನೀರನ್ನು ತುಂಬಿಕೊಟ್ಟನು. ಒಂದರಲ್ಲಿ ಮಿಂದೆನು, ಇನ್ನೊಂದರಲ್ಲಿ ಪಂಚೆಯನ್ನೂ ಅಂಗವಸ್ತ್ರವನ್ನೂ ಹಿಂಡಿದೆನು. ಎರಡನೆಯ ದಿನವೂ ಹಾಗೆಯೇ ನಡೆಯಿತು. ಪಾತ್ರೆಗಳನ್ನು ಆ ಮಗಳು ಕಡಲ ನೀರಿನಲ್ಲಿ ತೊಳೆಯುತ್ತಿದ್ದುದನ್ನು ಕಂಡೆನು. ಅನ್ನಕ್ಕೆ ಉಪ್ಪಿನ ಬದಲು ಒಂದು ಪಾಲು ಕಡಲ ನೀರನ್ನು ಬೆರಸುತ್ತಿದ್ದುದನ್ನೂ ಕಂಡು, ನಾವಿಕರ ಆಚಾರವು ಬಹು ಚಮತ್ಕಾರವಾದುದೆಂದು ಪತ್ನಿಗೆ ಹೇಳಿದೆನು. ಕಂಡುದರ ಅರ್ಥವು ಮಾತ್ರ ಹೊಳೆಯಲಿಲ್ಲ. ಸುತ್ತಲೂ ದಿಗಂತದವರೆಗೆ ನೀರೇ ಇದ್ದುದರಿಂದ ನೀರಿಗೆ ಕೊರತೆಯುಂಟೆಂಬ ಭಾವನೆಯು ಮನಸ್ಸನ್ನು ಹೊಗಲೇ ಇಲ್ಲ.

ಆ ರಾತ್ರಿ ಊಟವಾದ ಮೇಲೆ ಅವನು, “ದಕ್ಷಿಣಕ್ಕೆ ಗಾಳಿ ಸರಿಯಾಗಿಲ್ಲ, ನಾಳೆ ಕಾರವಾರಕ್ಕೇ ಹಿಂದಿರುಗೋಣ” ಎಂದನು. ಹಿಂದಿನ ದಿನವೇ ಗಾಳಿಯ ಪಾಠವನ್ನು ಕೇಳಿದ್ದ ನನಗೆ ಇದು ವಿಚಿತ್ರವಾಗಿ ತೋರಿತು. ನಿದ್ರೆ ಬಾರದೆ ದೀಪದ ಬಳಿ ಕುಳಿತಿದ್ದಾಗ, ಹಲಗೆಯ ಮೇಲೆ ತೆರೆದಿದ್ದ ದೋಣಿಯ ದಿನಚರಿಯು ಕಣ್ಣಿಗೆ ಬಿದ್ದಿತು. ದೋಣಿಯ ತೊಟ್ಟಿಯಲ್ಲಿ 120 ಲೀಟರು ಸಿಹಿನೀರು; ನಾಲ್ಕು ಜನ; 6 ದಿನ; ತಲೆಗೆ ದಿನಕ್ಕೆ 5 ಲೀಟರು. ಹೊರಡುವ ಮೊದಲೇ ಲೆಕ್ಕವನ್ನು ಅಚ್ಚುಕಟ್ಟಾಗಿ ಬರೆದಿದ್ದಿತು. ಅದರ ಕೆಳಗೆ ಎರಡು ದಿನಗಳ ವೆಚ್ಚ: ಕುಡಿಯುವುದಕ್ಕೂ ಅಡಿಗೆಗೂ 40, ಅದರ ಪಕ್ಕದಲ್ಲಿ, ಯಾರದೆಂದು ಹೆಸರಿಲ್ಲದೆ, 60. ಉಳಿದುದು ಒಂದು ದಿನದ ನೀರು. ಐದು ಜನ್ಮಗಳ ಶಾಸ್ತ್ರವನ್ನು ಓದಿದವನಿಗೂ ಈ ಕೂಡುಕಳೆಯುವ ಲೆಕ್ಕವು ಅರ್ಥವಾಗದಿರುವುದಿಲ್ಲ.

ಬೆಳಗಾಗುತ್ತಲೇ ಅವನನ್ನು ಕೇಳಿದೆನು: “ಮೊದಲ ದಿನವೇ ಏಕೆ ಹೇಳಲಿಲ್ಲಪ್ಪಾ?”

ಅವನು ತಲೆ ತಗ್ಗಿಸಿಕೊಂಡು ಹೇಳಿದನು: “ಹೇಗೆ ಹೇಳಲಿ, ಮೇಷ್ಟ್ರೇ? ಎರಡು ವರ್ಷ ಪ್ರತಿ ಗುರುವಾರ ನಿಮ್ಮ ಮನೆಯಲ್ಲಿ ವಾರಾನ್ನ ಉಂಡವನು ನಾನು. ಆಗ ಡಬ್ಬದಲ್ಲಿ ಅಕ್ಕಿ ಎಷ್ಟಿದೆಯೆಂದು ನೀವು ನನಗೆ ಹೇಳಿದಿರಾ?”

ನನ್ನ ಪತ್ನಿಯು ಒಳಗಿನಿಂದ, “ಹೇಳಲಿಲ್ಲಪ್ಪ. ಹೇಳಿದ್ದರೆ ನೀನು ಮುಂದಿನ ವಾರ ಬರುತ್ತಿರಲಿಲ್ಲ” ಎಂದಳು.

ವಾಚಕ ಮಹಾಶಯರು ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ಬೇಡುವೆನು. ನಾನು ಶಿಷ್ಯನ ಮೌನವನ್ನು ತಪ್ಪೆಂದು ಹೇಳಹೊರಟಿದ್ದೆನು. ಆದರೆ ಅದೇ ಮೌನವನ್ನು ನನ್ನ ಮನೆಯಾಕೆಯು ಎರಡು ವರ್ಷ ಪಾಲಿಸಿದ್ದಳು. ಅದನ್ನು ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಒಂದೇ ಆಚರಣೆಯು ಒಂದೆಡೆ ಧರ್ಮವೂ ಮತ್ತೊಂದೆಡೆ ದೋಷವೂ ಆಗುವುದು ಹೇಗೆ?

ಪೂರ್ವಪಕ್ಷವು ಬಲವಾದುದೇ ಸರಿ. ಆತಿಥೇಯನು ಅಳತೆಯನ್ನು ಹೇಳಿದರೆ ಆತಿಥ್ಯವು ವ್ಯಾಪಾರವಾಗುವುದು. ಭಾಗವತದ ರಂತಿದೇವನು ನಲವತ್ತೆಂಟು ದಿನ ಉಪವಾಸವಿದ್ದು, ದೊರೆತ ಅನ್ನವನ್ನೆಲ್ಲ ಬಂದವರಿಗೆ ಹಂಚಿ, ಕಡೆಗೆ ಉಳಿದಿದ್ದ ಕುಡಿಯುವ ನೀರನ್ನೂ ಬಾಯಾರಿ ಬಂದವನಿಗೆ ಕೊಟ್ಟನು. ಅವನು ಲೆಕ್ಕದ ಪುಸ್ತಕವನ್ನು ತೋರಿಸಲಿಲ್ಲ. ಆದುದರಿಂದ ಕೊಡುವವನು ಕೊಡುತ್ತಿರಬೇಕು, ಬಂದವನು ಸ್ವೀಕರಿಸುತ್ತಿರಬೇಕು. ಇದೇ ನಮ್ಮ ಸಂಪ್ರದಾಯವೆಂದು ಹೇಳುವವರಿರುವರು.

ಇದಕ್ಕೆ ಸಮಾಧಾನವು ರಂತಿದೇವನ ಕಥೆಯಲ್ಲಿಯೇ ಇದೆ. ಅವನಲ್ಲಿಗೆ ಬಂದವನು ಬಾಯಾರಿದ್ದನು. ನಾನು ಬಾಯಾರಿರಲಿಲ್ಲ, ಪಂಚೆಯನ್ನು ಹಿಂಡಿದೆನು. ವಾರಾನ್ನದ ಹುಡುಗನು ಹಸಿದಿದ್ದನು. ನಾನು ಆರಾಮವಾಗಿ ರೈಲಿನ ಟಿಕೆಟು ಕೊಂಡು, ತಿಥಿವಾರಗಳನ್ನು ಗೊತ್ತುಮಾಡಿಕೊಂಡು, ಸಂತೋಷಕ್ಕಾಗಿ ಹೋದವನು. ಮನುವು ಈ ಭೇದವನ್ನು ಸ್ಪಷ್ಟವಾಗಿಯೇ ಮಾಡಿರುವನು. ನಿಲುಗಡೆಯಿಲ್ಲದೆ ಒಂದು ರಾತ್ರಿ ತಂಗಿ ಹೋಗುವವನೇ ಅತಿಥಿ. ಅದೇ ಊರಿನವನೂ, ಒಡನಾಟದ ಸುಖಕ್ಕಾಗಿ ಬಂದವನೂ ಅತಿಥಿಗಳಲ್ಲ. ಪ್ರೀತಿಯಿಂದ ಮನೆಗೆ ಬಂದ ಮಿತ್ರರಿಗೆ ಬೇರೆ ವಿಧಿಯನ್ನೇ ಹೇಳಿರುವನು: ಅವರಿಗೆ ಶಕ್ತಿಯಿದ್ದಷ್ಟು ಆದರದಿಂದ, ಮನೆಯ ಗೃಹಿಣಿಯ ಊಟದೊಡನೆಯೇ ಬಡಿಸಬೇಕು. ಎಂದರೆ ಮಿತ್ರನು ದೇವರ ಪೀಠದಲ್ಲಿ ಕೂರುವವನಲ್ಲ, ಮನೆಯವರ ಪಂಕ್ತಿಯಲ್ಲಿ ಕೂರುವವನು; ಮನೆಯವರ ಅಳತೆಯೇ ಅವನ ಅಳತೆ. ಈ ಶ್ಲೋಕಗಳನ್ನು ನಾನು ಎಷ್ಟೋ ಸಲ ಪಾಠ ಹೇಳಿರುವೆನು. ಬಕೆಟನ್ನು ಮುಂದಿಟ್ಟುಕೊಂಡಾಗ ನೆನಪಿಗೆ ಬಂದುದು ಮಾತ್ರ ಸಮುದ್ರಸ್ನಾನದ ನಿಷೇಧ! ನಮಗೆ ಸುಖವಾದ ಶಾಸ್ತ್ರವು ಬೇಗನೆ ನೆನಪಾಗುವುದೆಂಬುದನ್ನು ಅಂದು ಕಲಿತೆನು.

ಆದುದರಿಂದ ಅತಿಥಿಯ ಮೊದಲನೆಯ ಧರ್ಮವು, ತಾನು ಯಾವ ಬಗೆಯ ಅತಿಥಿಯೆಂಬುದನ್ನು ತಾನೇ ಅರಿತುಕೊಳ್ಳುವುದು. ಕೊರತೆಯಿಂದ ಬಂದವನಿಗೆ ಅಳತೆಯನ್ನು ತಿಳಿಸಕೂಡದು. ತಿಳಿಸಿದರೆ ಅವನು ಹಸಿದುಕೊಂಡೇ ಎದ್ದುಹೋದಾನು. ಪ್ರೀತಿಯಿಂದ ಬಂದವನಿಗೆ ಅಳತೆಯನ್ನು ಮುಚ್ಚಿಡಕೂಡದು; ಮುಚ್ಚಿಟ್ಟರೆ ಅವನನ್ನು ಪ್ರೀತಿಯಿಂದ ಹೊರಗಿಟ್ಟಂತಾಗುವುದು. ನನ್ನ ಶಿಷ್ಯನು ಗಾಳಿಯ ಮೇಲೆ ಸುಳ್ಳನ್ನು ಹೇಳಬೇಕಾಯಿತು. ನನ್ನೆದುರಿಗೆ ಅವನು ಹೇಳಿದ ಮೊದಲ ಸುಳ್ಳು ಅದು, ಹೇಳಿಸಿದವನು ನಾನು. ಅವನು ಬಾಯಿಬಿಡಲಾರದೆ ಹೋದನೆಂದರೆ ಕೇಳಬೇಕಾದವನು ಕೇಳಲಿಲ್ಲವೆಂದು ಅರ್ಥ. “ಇಲ್ಲಿ ನೀರು ಎಷ್ಟಿದೆ?” ಎಂಬ ನಾಲ್ಕು ಮಾತುಗಳಿಂದ ಎಲ್ಲವೂ ಸರಿಹೋಗುತ್ತಿದ್ದಿತು.

ಆತಿಥೇಯನ ದಾಕ್ಷಿಣ್ಯದಿಂದ ಕೆಡುವುದು ಒಂದು ವಿಹಾರ ಮಾತ್ರವೆಂದು ಭಾವಿಸಬಾರದು. ನಾವು ಲಂಗರು ಹಾಕಿದ್ದ ಅದೇ ಕೂರ್ಮಗಡದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು 2019ರ ಜನವರಿ 21ರಂದು ಮಗುಚಿ 16 ಜನರು ಜೀವವನ್ನು ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಮಿತಿಮೀರಿ ಜನರು ಹತ್ತಿದ್ದರೆಂದು ಪತ್ರಿಕೆಗಳು ಆಗ ಬರೆದುವು. ಆ ದುಃಖವನ್ನು ಒಂದು ದೃಷ್ಟಾಂತವಾಗಿ ಬಳಸಲು ಮನಸ್ಸು ಹಿಂಜರಿಯುವುದು. ಆದರೂ ಒಂದು ಮಾತನ್ನು ಹೇಳದಿರಲಾರೆನು. ‘ಇನ್ನೊಬ್ಬರಿಗೆ ಸ್ಥಳವಿದೆ, ಬನ್ನಿ’ ಎಂಬುದು ನೆಲದ ಮೇಲೆ ಸೌಜನ್ಯ. ನೀರಿನ ಮೇಲೆ ಅದಕ್ಕೊಂದು ಎಲ್ಲೆಯುಂಟು. ‘ಇನ್ನೊಬ್ಬರಿಗೆ ಸ್ಥಳವಿದೆಯೆ?’ ಎಂದು ಹತ್ತುವವನೂ ಕೇಳಬೇಕು. ‘ಇಲ್ಲ’ ಎಂದವನನ್ನು ನಿಷ್ಠುರನೆನ್ನಬಾರದು. ನನಗೆ ತೇಲುಗವಚವನ್ನು ತೊಡಿಸಿದಾಗ ಇದ್ದ ನಿಷ್ಠುರತೆಯೇ ನೀರಿನ ವಿಷಯದಲ್ಲಿಯೂ ಅವನಿಗಿದ್ದಿದ್ದರೆ ಅದು ಅವನ ಪ್ರೀತಿಗೆ ಕೊರತೆಯೆನಿಸುತ್ತಿರಲಿಲ್ಲ.

ಕಾರವಾರಕ್ಕೆ ಹಿಂದಿರುಗಿದ ಸಂಜೆ ರವೀಂದ್ರನಾಥ ಠಾಕೂರರ ಹೆಸರಿನ ಕಡಲತೀರದಲ್ಲಿ ಕುಳಿತಿದ್ದಾಗ ಅವರ ಆತ್ಮಕಥನದ ಒಂದು ಪ್ರಸಂಗವು ನೆನಪಾಯಿತು. 1880ರ ದಶಕದ ಆರಂಭದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ತರುಣ ರವೀಂದ್ರರು ಬಂದಿದ್ದರು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳೀನದಿಯ ಮೇಲುಗಡೆಗೆ ಹೋಗಿ, ಹಳೆಯ ಗಿರಿದುರ್ಗವೊಂದರ ಬಳಿ ಇಳಿದು, ಒಬ್ಬ ರೈತನ ಮನೆಯ ಗುಡಿಸಿದ ಅಂಗಳದಲ್ಲಿ ಕುಳಿತು ಊಟ ಮಾಡಿದರು. ಉಂಡದ್ದು ತಾವೇ ಕೊಂಡುಹೋಗಿದ್ದ ಬುತ್ತಿಯನ್ನು. ಹಿಂದಿರುಗುವಾಗ ದೋಣಿಯನ್ನು ಹೊಳೆಯ ಸೆಳೆತಕ್ಕೆ ಬಿಟ್ಟರು. ಶ್ರೀಮಂತರ ಮಕ್ಕಳು ಬಡವನ ಅಂಗಳದಿಂದ ಬೆಳದಿಂಗಳನ್ನು ಮಾತ್ರ ತೆಗೆದುಕೊಂಡರು. ಅವನ ಮಡಕೆಯನ್ನು ಮುಟ್ಟಲಿಲ್ಲ. ಹಿಂದೆ ಇದನ್ನು ಓದಿದಾಗ ಬೆಳದಿಂಗಳು ಮನಸ್ಸಿನಲ್ಲಿ ನಿಂತಿದ್ದಿತು. ಈ ಸಲ ಬುತ್ತಿಯು ನಿಂತಿತು.

ನಾನು ನೀರಿನ ಅಳತೆಯನ್ನು ಅರಿಯದ ಊರಿನವನೂ ಅಲ್ಲ. ಬೆಂಗಳೂರಿಗೆ ಕಾವೇರಿಯು ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿ ಬರಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ನಾವೂ ಟ್ಯಾಂಕರಿನ ದಾರಿಯನ್ನು ಕಾದು, ಕಾರು ತೊಳೆಯುವವರನ್ನು ಬೈದವರೇ. ಬೇರೆಯವರು ಚೆಲ್ಲಿದಾಗ ಕಾಣುವ ನೀರು ನಾವು ಚೆಲ್ಲಿದಾಗ ಕಾಣುವುದಿಲ್ಲ.

ಹಿಂದಿರುಗಿದ ಕೆಲವು ವಾರಗಳಲ್ಲಿ ನನ್ನ ಪತ್ನಿಯ ತಮ್ಮನ ಸಂಸಾರವು ಮದುವೆಯೊಂದರ ನೆವದಿಂದ ನಮ್ಮಲ್ಲಿ ತಂಗಿತು. ಕಾಲು ತೊಳೆಯಲು ನೀರು ಕೊಟ್ಟ ಕೂಡಲೇ ಆಕೆಯು, “ನೀರು ದಿನ ಬಿಟ್ಟು ದಿನ ಬರುತ್ತದೆ. ಸ್ನಾನಕ್ಕೆ ಒಬ್ಬರಿಗೆ ಒಂದು ಬಕೆಟು” ಎಂದು ಹೇಳಿಬಿಟ್ಟಳು. ನಾನು ಗಾಬರಿಯಿಂದ ಅವನ ಮುಖವನ್ನು ನೋಡಿದೆನು. ಅವನು, “ಹೇಳಿದ್ದು ಒಳ್ಳೆಯದಾಯಿತಕ್ಕ” ಎಂದು ತನ್ನ ಮಕ್ಕಳನ್ನು ಕರೆದು ಅದನ್ನೇ ಹೇಳಿದನು. ನಾಲ್ಕು ದಿನವೂ ಮನೆಯಲ್ಲಿ ನಗುವಿಗೆ ಕೊರತೆಯಾಗಲಿಲ್ಲ.

ಅದೇ ಮಧ್ಯಾಹ್ನ ಅಂಗಡಿಯ ಸಾಮಾನನ್ನು ತಲಪಿಸಲು ಬಂದ ಹುಡುಗನು, ಬಿಸಿಲಿನಲ್ಲಿ ಮೂರು ಮಹಡಿಗಳನ್ನು ಹತ್ತಿ ಬಂದು, ಕುಡಿಯಲು ನೀರನ್ನು ಕೇಳಿದನು. ಆಕೆಯು ಒಂದು ತಂಬಿಗೆ ತಂದುಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ ಅವನ ಬಾಟಲಿಯನ್ನೂ ತುಂಬಿಸಿದಳು. ಅವನಿಗೆ ಅಳತೆಯನ್ನು ಹೇಳಲಿಲ್ಲ.