ಬ್ರಾಹ್ಮಿಯ ಪರೀಕ್ಷೆ ಮತ್ತು ಅಹಿಂಸಾಣುವ್ರತ

ಶಾಲೆಯ ಪರೀಕ್ಷೆಗಳು ಸಮೀಪಿಸಿದಂತೆ ಮಕ್ಕಳ ಜ್ಞಾಪಕಶಕ್ತಿ ವೃದ್ಧಿಯಾಗಲೆಂದು ಬ್ರಾಹ್ಮಿಯ ಔಷಧವನ್ನು ತರಿಸುವ ರೂಢಿ ಶ್ರಾವಕರ ಮನೆಗಳಲ್ಲಿಯೂ ಉಂಟು. ಬ್ರಾಹ್ಮಿಯೆಂಬ ಹೆಸರಿನಿಂದ ಎರಡು ಸಸ್ಯಗಳು ಪ್ರಸಿದ್ಧವಾಗಿವೆ. ಒಂದು, ಕನ್ನಡ ನಾಡಿನಲ್ಲಿ ತಂಬುಳಿಗೆ ಬಳಸುವ ಒಂದೆಲಗ. ಇನ್ನೊಂದು, ಜೌಗುನೆಲದಲ್ಲಿ ಹಬ್ಬುವ ನೀರುಬ್ರಾಹ್ಮಿ. ಎರಡೂ ಏಕೇಂದ್ರಿಯ ವನಸ್ಪತಿಗಳೇ. ಅಷ್ಟಮಿ ಚತುರ್ದಶಿಗಳಂದು ಹಸಿರನ್ನು ತ್ಯಜಿಸುವ ಶ್ರಾವಕನು ಈ ಏಕೇಂದ್ರಿಯ ಜೀವದ ವಿಷಯದಲ್ಲಿಯೂ ಎಚ್ಚರದಿಂದಿರುತ್ತಾನೆ. ಆದರೆ ಸೀಸೆಯಲ್ಲಿ ಬರುವ ಅದೇ ಬ್ರಾಹ್ಮಿಯ ಹಿಂದೆ ಪಂಚೇಂದ್ರಿಯ ಜೀವಿಯ ವೇದನೆ ಇರಬಹುದೆಂಬ ವಿಚಾರ ಬಹುಮಂದಿಗೆ ಹೊಳೆಯುವುದಿಲ್ಲ.

1982ರಲ್ಲಿ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ನೀರುಬ್ರಾಹ್ಮಿಯ ಸಾರವನ್ನು ಕೊಟ್ಟ ಇಲಿಗಳಲ್ಲಿ ಕಲಿಕೆ ಸುಧಾರಿಸಿತೆಂದು ಪ್ರಕಟಿಸಿದರು. ಸ್ಮೃತಿಯನ್ನು ಅಳೆಯುವ ಇಂತಹ ಪರೀಕ್ಷೆಗಳಲ್ಲಿ ಹಲವು ವಿಧಗಳುಂಟು. ಒಂದರಲ್ಲಿ, ತಪ್ಪು ಮಾಡಿದ ಇಲಿಗೆ ವಿದ್ಯುತ್ತಿನ ಆಘಾತ ತಗಲುತ್ತದೆ. ಇನ್ನೊಂದರಲ್ಲಿ, ಅದನ್ನು ಹಸಿವಿನಲ್ಲಿರಿಸಿ, ಸುತ್ತುದಾರಿಯ ಕೊನೆಯಲ್ಲಿ ಆಹಾರವನ್ನಿಡುತ್ತಾರೆ. ರಿಚರ್ಡ್ ಮಾರಿಸ್ ಎಂಬ ವಿಜ್ಞಾನಿ 1981ರಲ್ಲಿ ವಿವರಿಸಿದ ವಿಧಾನದಲ್ಲಿ, ನೀರು ತುಂಬಿದ ತೊಟ್ಟಿಯಲ್ಲಿ ಇಲಿಯು ಈಜುತ್ತ, ನೀರಿನಡಿ ಮರೆಯಾಗಿರುವ ಪೀಠವನ್ನು ನೆನಪಿನಿಂದ ಹುಡುಕಬೇಕು. ಕೆಲವೆಡೆ ಸ್ಕೋಪೊಲಮಿನ್ ಎಂಬ ಔಷಧದಿಂದ ಮೊದಲು ಮರೆವನ್ನು ಉಂಟುಮಾಡಿ, ಬಳಿಕ ಸಸ್ಯದ ಸಾರವನ್ನು ಪರೀಕ್ಷಿಸುವುದುಂಟು. ಅನೇಕ ಪ್ರಯೋಗಗಳ ಕೊನೆಯಲ್ಲಿ ಪ್ರಾಣಿಯನ್ನು ಕೊಂದು ಮೆದುಳನ್ನು ಪರಿಶೀಲಿಸುತ್ತಾರೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳು ಐದೆಂದು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಂಜರದಲ್ಲಿಡುವುದು ಬಂಧ, ನೋಯಿಸುವುದು ವಧ, ಹಸಿವಿನಲ್ಲಿರಿಸುವುದು ಅನ್ನಪಾನನಿರೋಧ. ಉಪವಾಸದ ಮಹಿಮೆಯನ್ನು ಬಲ್ಲವರು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ವ್ರತಿಯೂ ಹಸಿದಿರುತ್ತಾನೆ, ಇಲಿಯೂ ಹಸಿದಿರುತ್ತದೆ. ವ್ರತಿಯ ಹಸಿವು ಸ್ವೇಚ್ಛೆಯಿಂದ ಬಂದುದರಿಂದ ತಪಸ್ಸಾಗುತ್ತದೆ. ಇಲಿಯ ಹಸಿವು ಪರರಿಂದ ಬಂದುದರಿಂದ ಕೇವಲ ಸಂಕಟವಾಗುತ್ತದೆ.

ಸ್ಮೃತಿಯು ಮತಿಜ್ಞಾನದಲ್ಲಿಯೇ ಸೇರಿದೆ. ಕಲಿಯಬಲ್ಲ, ನೆನೆಯಬಲ್ಲ ಪಂಚೇಂದ್ರಿಯ ಜೀವಿಯು ಸಂಜ್ಞಿ, ಅಂದರೆ ಮನಸ್ಸುಳ್ಳದ್ದು. ಇಲಿಗೆ ನೆನಪುಂಟೆಂಬ ನಂಬಿಕೆಯ ಮೇಲೆಯೇ ಆ ಪ್ರಯೋಗವೆಲ್ಲ ನಿಂತಿದೆ. ದಾರಿಯನ್ನು ನೆನೆಯುವ ಜೀವಿಯು ಭಯವನ್ನೂ ನೆನೆಯುತ್ತದೆ. ಒಂದು ಜೀವದ ಸ್ಮೃತಿಯನ್ನು ಕೆಡಿಸಿ ಮತ್ತೊಂದರ ಸ್ಮೃತಿಯನ್ನು ಬೆಳೆಸಲೆಳಸುವುದು ಯುಕ್ತವೇ?

ಇಲ್ಲಿ ಒಂದು ಶಂಕೆ ಉಂಟಾಗಬಹುದು. ಮುಪ್ಪಿನಲ್ಲಿ ಹೆತ್ತ ಮಕ್ಕಳ ಗುರುತನ್ನೂ ಅಳಿಸುವ ಮರೆವಿನ ರೋಗವುಂಟು. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಪರೀಕ್ಷಿಸದ ಔಷಧವನ್ನು ರೋಗಿಗೆ ಕೊಡುವುದಾದರೂ ಹೇಗೆ?

ಈ ಶಂಕೆ ನಿರರ್ಥಕವಲ್ಲ. ವೈದ್ಯನು ವಿಧಿಸಿದ ಅವಶ್ಯ ಔಷಧವನ್ನು ರೋಗಿಯು ತ್ಯಜಿಸಬೇಕೆಂದು ಗೃಹಸ್ಥನಿಗೆ ಹೇಳಲಾಗದು. ಆದರೆ ಅಭಯದಾನವೂ ಅದೇ ನಾಲ್ಕರಲ್ಲಿ ಸೇರಿದೆ. ಒಂದು ದಾನವು ಮತ್ತೊಂದನ್ನು ನುಂಗಬಾರದು. ಬ್ರಾಹ್ಮಿಯಂತೂ ಶತಮಾನಗಳಿಂದ ಮನುಷ್ಯರು ಸೇವಿಸಿದ ಸಸ್ಯ. 2001ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಅದರ ಸಾರವನ್ನು ಒಪ್ಪಿ ಬಂದ ಆರೋಗ್ಯವಂತರಿಗೇ ದಿನಕ್ಕೆ 300 ಮಿಲಿಗ್ರಾಂನಂತೆ 12 ವಾರ ಕೊಟ್ಟು ಫಲವನ್ನು ಅಳೆದರು. ಹಾಗೆ ಸಮ್ಮತಿಯಿಂದ ಬಂದವರು ವ್ರತಿಯಂತೆ ಕಷ್ಟವನ್ನು ತಾವೇ ವಹಿಸಿಕೊಂಡವರು. ಪ್ರಾಣಿಗಳ ಮೇಲಣ ಪ್ರಯೋಗವನ್ನು ಸಾಧ್ಯವಿದ್ದೆಡೆ ವರ್ಜಿಸಬೇಕೆಂದು ಭಾರತದ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯೂ ಹೇಳುತ್ತದೆ.

ಹಿಂಸೆಯು ಕೃತ, ಕಾರಿತ, ಅನುಮೋದನೆಗಳೆಂದು ಮೂರು ಬಗೆಯಾಗಿ ಅಂಟುತ್ತದೆ. ಶ್ರಾವಕನು ಇಲಿಯನ್ನು ಕೊಲ್ಲುವುದಿಲ್ಲ, ಕೊಲ್ಲಿಸುವುದೂ ಇಲ್ಲ. ಆದರೆ ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದೆಂಬ ಮಾತಿನಿಂದಲೇ ಸಂತುಷ್ಟನಾಗಿ, ನಾಲ್ಕು ಅಂಕಗಳ ಆಸೆಗಾಗಿ ಅದನ್ನು ಕೊಂಡರೆ, ಅನುಮೋದನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ರೋಗಿಯ ಅಗತ್ಯ ಬೇರೆ, ಆರೋಗ್ಯವಂತ ಮಗುವಿನ ಬಗೆಗಿನ ಆಸೆ ಬೇರೆ. ಆ ಮಗುವಿಗೆ ನಿತ್ಯಪಠನವೂ ಸಾಕಷ್ಟು ನಿದ್ರೆಯೂ ಯಾವ ಜೀವಿಗೂ ಪೀಡೆಯಾಗದಂತೆ ಸ್ಮೃತಿಯನ್ನು ಬೆಳೆಸುತ್ತವೆ. ಈ ಚಾತುರ್ಮಾಸದಲ್ಲಿ ನಿಯಮವನ್ನು ಸ್ವೀಕರಿಸುವ ಗೃಹಸ್ಥರು ಈ ಒಂದು ವಿವೇಕವನ್ನೂ ಅದರೊಡನೆ ಸೇರಿಸಿಕೊಳ್ಳಬಹುದು.